ರಟ್ಟಿನ ಮರೆಯಲ್ಲಿ ಬಿದ್ದ ದಾಳ

ಪ್ರೀತಿಯ ಅತ್ತೆ,

ನೀವು ಗದಗಿನಿಂದ ಸೂರತ್ತಿಗೆ ಬಂದ ಮೊದಲ ಭಾನುವಾರ ನೆನಪಾಗುತ್ತಿದೆ. ಹಜೀರಾದ ನಮ್ಮ ಕಾಲೊನಿ ಮನೆಯ ಊಟದ ಟೇಬಲ್ಲಿನ ಸುತ್ತ ನಾನು, ನಿಮ್ಮ ಮಗ ಪ್ರಸನ್ನ, ಪಕ್ಕದ ಮನೆಯ ಹೇತಲ್, ಪ್ರಸನ್ನನ ಪ್ಲಾಂಟಿನ ಜಿಗ್ನೇಶ್ ಕೂತಿದ್ದೆವು. ನೀವು ಅಡುಗೆಮನೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಿರಿ. "ಇದೆಂಥಾ ಆಟ ಸುಮಾ? ಹಲಗಿ ಇಲ್ಲ, ಕಾಯಿ ಇಲ್ಲ, ಬರೇ ಮಾತು!" ಅಂದಿರಿ. ಕಥೆ ನಡೆಸುವವಳು ನಾನು, ಉಳಿದವರು ತಾವೇ ಕಟ್ಟಿಕೊಂಡ ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಓಡಾಡುತ್ತಾರೆ, ಗೆಲುವು ಸೋಲನ್ನು ಇಪ್ಪತ್ತು ಮುಖದ ಈ ದಾಳ ಹೇಳುತ್ತದೆ ಎಂದೆ. ನೀವು ದಾಳವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿರಿ.

ನಿಮ್ಮ ಪಾತ್ರ ಕಟ್ಟಲು ನಾಲ್ಕು ಸಂಜೆ ಬೇಕಾದವು. ನಿಮಗೆ ಕತ್ತಿಯೂ ಬೇಕು, ಮಂತ್ರವೂ ಬೇಕು. "ಎರಡನ್ನೂ ಹಿಡಿದರೆ ಎರಡೂ ಅರ್ಧಂಬರ್ಧ ಆಗುತ್ತೆ ಅತ್ತೆ" ಎಂದೆ. ನೀವು ಕನ್ನಡಕ ಮೇಲೇರಿಸಿದಿರಿ. "ಒಂದ ಕೈಲೆ ಬೋರ್ಡಿನ ಮ್ಯಾಲ ಲೆಕ್ಕ ಬರಕೋತ, ಇನ್ನೊಂದ ಕೈಲೆ ಹಿಂದಿನ ಬೆಂಚಿನವರಿಗೆ ಸುಮ್ಮನಿರ್ರಿ ಅಂತ ಸನ್ನಿ ಮಾಡಕೋತ ಮೂವತ್ತು ವರ್ಷ ಕಳದೀನಿ. ಅರ್ಧ ಹೆಂಗಾಗತೈತಿ?" ಮಂತ್ರಕ್ಕೆ ಒಂದು ಕೈ ಖಾಲಿ ಇರಬೇಕು ಎಂದು ನಿಯಮದ ಪುಸ್ತಕದಲ್ಲಿ ನೀವೇ ಓದಿ ಗುರಾಣಿ ಬಿಟ್ಟಿರಿ. ಭಾರದ ಕವಚ ತೊಟ್ಟರೆ ಮಂತ್ರ ಫಲಿಸುವುದಿಲ್ಲವೆಂದು ಚರ್ಮದ ಅಂಗಿ ತೊಡಿಸಿದಿರಿ. ಹಂಚಲು ಇದ್ದ ಅಂಕಗಳನ್ನು ತೋಳಿಗೂ ತಲೆಗೂ ಸಮವಾಗಿ ಹಾಕಿ, "ಚಂದಕ್ಕ ಏನೂ ಬ್ಯಾಡ, ಅಕಿ ಏನ ಮದುವಿಗೆ ನಿಂತಾಳೇನು?" ಎಂದು ನಕ್ಕಿರಿ. ಆಕೆಗೆ ನೀಲವ್ವ ಎಂದು ಹೆಸರಿಟ್ಟಿರಿ.

ಆ ಗುಹೆಯ ಕಾಳಗ ನೆನಪಿದೆಯೇ? ನೀಲವ್ವ ಮೊದಲು ತನ್ನ ಕತ್ತಿಯ ಮೇಲೆಯೇ ಬೆಳಕಿನ ಮಂತ್ರ ಹಾಕಿ, ಶತ್ರುವಿನ ಕಣ್ಣು ಕೋರೈಸುವಾಗ ಹೊಡೆದಳು. ಎಂಟು ವರ್ಷದಿಂದ ಈ ಆಟ ನಡೆಸುತ್ತಿರುವ ನನಗೆ ಅದು ಹೊಳೆದಿರಲಿಲ್ಲ. ಹೇತಲ್ ಎದ್ದು ಬಂದು ನಿಮ್ಮನ್ನು ಅಪ್ಪಿಕೊಂಡು, "ಮಾಸಿ, ಆಪ್ ಕಮಾಲ್ ಹೋ!" ಎಂದಳು. ಆಮೇಲೆ ಅವರೆಲ್ಲ ನನ್ನನ್ನು ಬಿಟ್ಟು ನಿಮಗೇ ಫೋನ್ ಮಾಡಿ ಸಲಹೆ ಕೇಳತೊಡಗಿದರು. ಒಂದು ಭಾನುವಾರ ಜಿಗ್ನೇಶ್ ನಗುತ್ತ, "ಭಾಭಿ, ಅಬ್ ಮಾಸಿ ಕೋ ಹೀ ಗೇಮ್ ಚಲಾನೇ ದೋ" ಎಂದ. ಆಟ ನಡೆಸುವುದನ್ನು ಇನ್ನು ನಿಮಗೇ ಬಿಡಬೇಕಂತೆ! ನಾನೂ ನಕ್ಕೆ. ಕಪ್ಪುಗಳನ್ನು ಒಳಗೆ ತಂದು ಸಿಂಕಿನ ಎದುರು ನಿಂತಾಗ ಕಿವಿ ಸುಡುತ್ತಿತ್ತು. ಈ ಪರವೂರಲ್ಲಿ ನಾನು ನನ್ನ ಕೈಯಾರೆ ಮಾಡಿಕೊಂಡದ್ದು ಆ ಟೇಬಲ್ ಒಂದೇ ಅನಿಸಿತು. ಅದನ್ನೂ ನೀವು... ಏನು ಕಸಿದುಕೊಂಡಿದ್ದಿರಿ ನೀವು? ಆಟ ಚೆನ್ನಾಗಿ ಆಡಿದ್ದಿರಿ, ಅಷ್ಟೆ.

ಮುಂದಿನ ಭಾನುವಾರ ಕಥೆಯೊಳಗೆ ಸೇತುವೆಯ ಕಾವಲುಗಾರನನ್ನು ತಂದದ್ದು ಬೇಕೆಂದೇ. ಉಳಿದವರನ್ನು ಈಚೆ ದಡದಲ್ಲಿ ನಿಲ್ಲಿಸಿ ನೀಲವ್ವನನ್ನು ಒಬ್ಬಳನ್ನೇ ಮುಂದೆ ಕಳಿಸಿದೆ. ನೀವು ಹೆದರಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದ ನಿದ್ದೆಯ ಮಂತ್ರ ತೆಗೆದಿರಿ. "ಹದಿನೈದಕಿಂತ ಹೆಚ್ಚು ಬಿದ್ರಷ್ಟ ಅಂವ ಎಚ್ಚರಿರತಾನ. ಇಪ್ಪತ್ತರಾಗ ಹದಿನೈದು ಸಲ ಮಲಗತಾನ. ಹಾಕವಾ ದಾಳ" ಎಂದಿರಿ. ಕಥೆ ನಡೆಸುವವರು ರಟ್ಟಿನ ಮರೆಯ ಹಿಂದೆ ದಾಳ ಹಾಕುವುದು ರೂಢಿ. ಹಾಕಿದೆ. ಮೂರು ಬಿತ್ತು.

"ಹತ್ತೊಂಬತ್ತು" ಎಂದೆ.

ಎಷ್ಟು ಸಲೀಸಾಗಿ ಬಂತು ಬಾಯಿಗೆ! ಅಲ್ಲಿಗೂ ನಿಲ್ಲಿಸಲಿಲ್ಲ. ಕಾವಲುಗಾರ ನೀಲವ್ವನ ಕತ್ತಿ ಮುರಿದ, ಆಕೆಯನ್ನು ನದಿಗೆ ನೂಕಿದ, ಆಕೆ ಮೇಲೇಳಲಿಲ್ಲ ಎಂದೆಲ್ಲ ಬಣ್ಣಿಸಿದೆ, ದನಿ ಕೂಡ ನಡುಗಲಿಲ್ಲ. ನೀವು ಒಂದು ಕ್ಷಣ ನನ್ನ ಮುಖ ನೋಡಿದಿರಿ. "ಹತ್ತೊಂಬತ್ತಾ? ಹಂಗಾರ ಆತು ಬಿಡು" ಎಂದು ನೀಲವ್ವನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಿರಿ. "ಇಷ್ಟು ಬೇಗ ಸೋತಿ ಏನವ್ವ?" ಎಂದು ಪ್ರಸನ್ನ ನಿಮ್ಮನ್ನು ಕಾಡಿಸಿದ. ನಾನು ದಾಳವನ್ನು ಡಬ್ಬಿಗೆ ಹಾಕಿದೆ.

ಅದರ ಮರುವಾರ ಹೊಸ ಪಾತ್ರ ಕಟ್ಟೋಣವೇ ಎಂದು ಕೇಳಿದ್ದೆ, ನೆನಪಿದೆಯಲ್ಲ? "ಸಾಕವಾ, ಭಾಳೊತ್ತು ಕುಂತ್ರ ಸೊಂಟ ಹಿಡೀತೈತಿ" ಎಂದಿರಿ. ಅದೇ ದಿನ ಬೆಳಿಗ್ಗೆ ಹೇತಲ್ ಮನೆಯ ಜಗಲಿಯಲ್ಲಿ ಉಂಧಿಯು ಪಲ್ಯಕ್ಕೆಂದು ಮೂರು ತಾಸು ಕೂತು ಪಾಪಡಿ ಅವರೆ ಬಿಡಿಸಿದ್ದಿರಿ. ನನಗೆ ಅರ್ಥವಾಗಲಿಲ್ಲ ಅಂದುಕೊಂಡಿರಾ? ಆಗಿತ್ತು. ಅಂದಿನಿಂದ ಭಾನುವಾರ ನೀವು ಗಿರಮಿಟ್ ತಟ್ಟೆಗಳನ್ನು ತಂದಿಟ್ಟು ಒಳಗೆ ಹೋಗುತ್ತಿದ್ದಿರಿ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಒಂದು ದಾಳದ ಮಾತು, ಇದನ್ನೇನು ದೊಡ್ಡದು ಮಾಡುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು... ಹಾಗೇ ಏಳು ತಿಂಗಳು. ಆಷಾಢದ ಆ ಮಧ್ಯಾಹ್ನ ಎದೆ ಹಿಡಿದುಕೊಂಡು ಮಂಚದ ಮೇಲೆ ಕೂತಿರಿ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ನಿಮ್ಮ ಕಾರ್ಯವೆಲ್ಲ ಮುಗಿದ ಮೇಲೆ, ಒಂದು ಭಾನುವಾರ ಆಟ ಶುರುವಾಗುವ ಮುನ್ನ ಹೇತಲ್ ನಿಮ್ಮ ನೀಲವ್ವನ ಮಾತು ತೆಗೆದಳು. ನನಗೆ ತಡೆಯಲಾಗಲಿಲ್ಲ. ಆವತ್ತು ಮೂರು ಬಿದ್ದಿತ್ತು, ನಾನು ಸುಳ್ಳು ಹೇಳಿದೆ ಎಂದೆ. ಜಿಗ್ನೇಶ್ ತಲೆ ತಗ್ಗಿಸಿದ. ಹೇತಲ್ ಮಾತ್ರ ಆಶ್ಚರ್ಯಪಡಲಿಲ್ಲ. "ಮಾಲೂಮ್ ಹೈ" ಎಂದಳು. ನನ್ನ ಪಕ್ಕದ ಶೋಕೇಸಿನ ಗಾಜಿನಲ್ಲಿ ದಾಳ ಕಾಣುತ್ತಿತ್ತಂತೆ. ಅವಳು ನೋಡಿದ್ದಳು. ನೀವೂ ನೋಡಿದ್ದಿರಿ. ಅವಳು ಬಾಯಿ ತೆರೆಯುವಷ್ಟರಲ್ಲಿ ನೀವು ಟೇಬಲ್ಲಿನ ಕೆಳಗೆ ಅವಳ ಕೈ ಒತ್ತಿ ಹಿಡಿದಿರಂತೆ. ಮರುದಿನ ತರಕಾರಿಗೆ ಹೋಗುವಾಗ ಯಾಕೆ ತಡೆದಿರಿ ಎಂದು ಅವಳು ಕೇಳಿದ್ದಕ್ಕೆ ನಿಮ್ಮ ಆ ಹರುಕು ಹಿಂದಿಯಲ್ಲಿ, ಎಲ್ಲರ ಮುಂದೆ ಸುಮಾಳ ಮುಖ ಸಣ್ಣದಾಗಬಾರದು ಎಂದಿರಂತೆ.

ಏಳು ತಿಂಗಳು ನೀವು ಗೊತ್ತಿದ್ದೂ ನನಗೆ ಚಹಾ ಸೋಸಿ ಕೊಟ್ಟಿರಿ.

ಪ್ರಸನ್ನ ಅವತ್ತು ಎದ್ದು ಹೋದ. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಶಿಫ್ಟಿಗೆ ಹೊರಟವನು ಶೂ ಕಟ್ಟಿಕೊಳ್ಳುತ್ತ, "ನಮಗ್ಯಾಕ ಹೇಳಿದಿ? ಅವ್ವಗ ಹೇಳಬೇಕಿತ್ತು" ಎಂದ. ಅದಕ್ಕೇ ಈ ಕಾಗದ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಕೇಳಿದ್ದರೆ ನೀವು ಕೂಡಲೇ ಕ್ಷಮಿಸಿಬಿಡುತ್ತಿದ್ದಿರಿ, ಅದೇ ಇನ್ನೂ ನಾಚಿಕೆ.

ಈಗ ನಿಮಗೆ ಗೊತ್ತಿಲ್ಲದ ಒಂದು ಸುದ್ದಿ. ಆಟ ಹೇತಲ್ ಮನೆಗೆ ಹೋಗಿದೆ, ನಡೆಸುವವಳೂ ಅವಳೇ. ಮೂರು ವಾರ ನನ್ನನ್ನು ಕರೆದಿರಲಿಲ್ಲ. ಮೊನ್ನೆ ಬಾಗಿಲಿಗೆ ಬಂದು, "ಆನಾ ಹೈ ತೋ ಆ ಜಾ", ಬರುವುದಿದ್ದರೆ ಬಾ, ಎಂದಷ್ಟೇ ಹೇಳಿ ಹೋದಳು. ಹೋದೆ. ಮೊದಲ ಸಲ ಆಡುವವಳಾಗಿ ಕೂತು, ಖಾಲಿ ಹಾಳೆ ಮುಂದಿಟ್ಟುಕೊಂಡು, ಏನು ಬರೆಯಬೇಕೋ ತಿಳಿಯದೆ ಬೆವತೆ. ಪ್ರಸನ್ನ ನನ್ನ ಕಡೆ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ತನ್ನ ಪೆನ್ಸಿಲನ್ನು ನನ್ನತ್ತ ಸರಿಸಿದ.

ನಾನು ಬರೆಯಲು ಶುರು ಮಾಡಿದೆ.

ನಿಮ್ಮ ಸೊಸೆ,
ಸುಮಾ