ಮೂರನೇ ಪ್ಲಗ್ಗಿನ ಗುಂಡಿ

ಮಾರ್ಚ್ 3, ಭಾನುವಾರ, ಬೆಳಿಗ್ಗೆ 10

ಕಾರಿನ ಎರಡು ಸ್ಪಾರ್ಕ್ ಪ್ಲಗ್ ಬದಲಾಯಿಸಿ ಆಯಿತು. ಈಗೀಗ ಯಜಮಾನರ ಕೈಯಲ್ಲೂ ಕಾರು ಜಗ್ಗುತ್ತಿದೆ. ಗ್ಯಾರೇಜಿಗೆ ಒಯ್ಯಲು ಅವರಿಗೆ ಪುರುಸೊತ್ತಿಲ್ಲ. ಸರಿ, ನಾನೇ ಕೂತೆ. ಲ್ಯಾಬಿನಲ್ಲಿ ದಿನವಿಡೀ ರಕ್ತ ಎಳೆಯುವ ಕೈ, ಇದೇನು ಮಹಾ.

ಮೂರನೆಯ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಎಳೆದೆ — ತುದಿಯೆಲ್ಲ ಜಿಡ್ಡು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕೂರುವ ಗುಂಡಿಯ ತುಂಬ ಎಂಜಿನ್ ಆಯಿಲ್. ದೊಡ್ಡ ಸಿರಿಂಜಿಗೆ ಟ್ಯೂಬ್ ಸಿಕ್ಕಿಸಿ ಹೀರಿದೆ. ನಾಲ್ಕು ಸಲ ತುಂಬಿತು.

ಯಜಮಾನರು ಕಿಟಕಿಯಿಂದ ಕೂಗಿದರು: "ಬಿಚ್ಚೋದೇನೋ ಬಿಚ್ತೀಯ, ಜೋಡಿಸೋರ್ಯಾರು?"

ಮಾರ್ಚ್ 5

ಬಿಡಿಭಾಗದ ಅಂಗಡಿಯವ ಕಾಯಿಲ್ ಮೂಸಿಯೇ ಹೇಳಿಬಿಟ್ಟ. "ವಾಲ್ವ್ ಕವರ್ ಗ್ಯಾಸ್ಕೆಟ್ ಹೋಗಿದೆ ಮೇಡಂ. ಆ ರಬ್ಬರ್ ಪಟ್ಟಿ ಕಲ್ಲಾಗುತ್ತೆ, ಎಣ್ಣೆ ಪ್ಲಗ್ ಗುಂಡಿಗೆ ಇಳಿಯುತ್ತೆ. ಕಿಡಿ ಹತ್ತಲ್ಲ. ಗಾಡಿ ಜಗ್ಗುತ್ತೆ, ಒಮ್ಮೊಮ್ಮೆ ನಿಂತೇ ಹೋಗುತ್ತೆ."

"ಓಡಿಸೋರ ತಪ್ಪಿಂದ ಹಾಗಾಗುತ್ತಾ?"

ನಕ್ಕ. "ಓಡಿಸೋರು ಯಾರು ಅಂತ ರಬ್ಬರ್‌ಗೇನು ಗೊತ್ತು?"

ಎರಡು ವರ್ಷವಾಯಿತು. ಅಮ್ಮನಿಗೆ ಉಸಿರು ಸಿಗುತ್ತಿಲ್ಲವೆಂದು ಅಣ್ಣ ಫೋನ್ ಮಾಡಿದ ದಿನ, ನಾನು ಓಡಿಸುತ್ತಿದ್ದ ಇದೇ ಕಾರು ನಡುದಾರಿಯಲ್ಲಿ ಜಗ್ಗಿ ಜಗ್ಗಿ ನಿಂತಿತು. ನಾನು ತಲುಪುವಷ್ಟರಲ್ಲಿ ಅಮ್ಮನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಇವರು ಬಂದವರೇ ಎಲ್ಲರೆದುರು, "ಕ್ಲಚ್ ತುಳಿಯೋಕೇ ಬರಲ್ಲ ಇವಳಿಗೆ" ಅಂದರು. ಅಂದಿನಿಂದ ಅಣ್ಣ ಮಾತು ಬಿಟ್ಟ. ನಾನು ಸ್ಟಿಯರಿಂಗ್ ಬಿಟ್ಟೆ.

ಮಾರ್ಚ್ 10, ಮಧ್ಯಾಹ್ನ

ಎಂಜಿನ್ನಿನ ವಾಲ್ವ್ ಕವರ್ ಎತ್ತಿದೆ. ಮೂರನೇ ಗುಂಡಿಯ ಸುತ್ತ ಸೋರಿಕೆ ಮುಚ್ಚುವ ಕೆಂಪು ಸೀಲೆಂಟ್, ಬೆರಳಲ್ಲಿ ಬಳಿದದ್ದು. ಹಳೆಯದು. ಈ ಕಾರು ಬಿಚ್ಚುವವರು ಮನೆಯಲ್ಲಿ ಇನ್ಯಾರಿದ್ದಾರೆ?

"ಇದನ್ನ ಬಳಿದಿದ್ದು ಯಾವಾಗ?"

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಿಮ್ಮಮ್ಮ ಹೋಗೋಕೆ ಒಂದು ತಿಂಗಳ ಮುಂಚೆ ಇರ್ಬೇಕು."

"ಲೀಕ್ ಇದೆ ಅಂತ ಗೊತ್ತಿತ್ತು ನಿಮಗೆ."

"ಗೊತ್ತಿದ್ರೆ ಏನೀಗ? ಹೋದೋರು ವಾಪಸ್ ಬರ್ತಾರಾ?"

ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದೆ. ಮತ್ತೆ ಬಂದು ಆ ಕೆಂಪನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆಯುತ್ತ ಕೂತೆ. ಸಂಜೆಯವರೆಗೆ.

ಮಾರ್ಚ್ 11

ಹೊಸ ಗ್ಯಾಸ್ಕೆಟ್, ಹೊಸ ಸೀಲುಗಳು, ಉಳಿದ ಎರಡು ಪ್ಲಗ್. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿದೆ. ಕೀ ತಿರುಗಿಸಿದೆ. ಬೆಣ್ಣೆಯಂತೆ ಓಡಿತು. ಅರ್ಧ ಗಂಟೆ ಬಿಟ್ಟು ನೋಡಿದೆ — ಎಣ್ಣೆಯ ಪಸೆಯಿಲ್ಲ.

ಇವರ ಮಾತು: "ನಾನು ಹೇಳ್ಲಿಲ್ವಾ, ಗಾಡಿ ಗಟ್ಟಿ ಅಂತ. ಓಡಿಸೋರು ಸರಿ ಇರ್ಬೇಕು ಅಷ್ಟೆ."

ಮಾರ್ಚ್ 17, ಸಂಜೆ 6

ಒಬ್ಬಳೇ ಓಡಿಸಿಕೊಂಡು ಅಣ್ಣನ ಮನೆಗೆ ಹೋದೆ. ಎಲ್ಲಿಯೂ ಜಗ್ಗಲಿಲ್ಲ. ಬಾಗಿಲಲ್ಲೇ ನಿಂತು ಗ್ಯಾಸ್ಕೆಟ್ಟು, ಸೀಲೆಂಟು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ತಪ್ಪು ನನ್ನದಲ್ಲ ಕಣೋ ಅಂದೆ.

ಅಣ್ಣ ಹೊಸ್ತಿಲಿಗೆ ಅಡ್ಡ ನಿಂತೇ ಮಾತಾಡಿದ.

"ತಡವಾಗಿ ಬಂದೆ ಅಂತ ನಾನು ಮಾತು ಬಿಟ್ಟಿಲ್ಲ ಕಣೇ. ಅಮ್ಮನ ಹೆಣದ ಮುಂದೆ ಅಷ್ಟು ಜನರೆದುರು ನಿನ್ನ ಗಂಡ ಹಾಗಂದಾಗ, ತಲೆ ತಗ್ಗಿಸಿ ಹೂಂ ಅಂದ್ಯಲ್ಲ. ಅದಕ್ಕೆ."

ಒಳಗೆ ಕರೆಯಲಿಲ್ಲ. ನಾನೂ ಕಾಯದೆ ಮನೆಗೆ ಮರಳಿದೆ.

ಈಗ ಇವರು ಹಜಾರದಿಂದ ಕೂಗುತ್ತಿದ್ದಾರೆ, "ಗಾಡಿ ಕೀ ಎಲ್ಲಿ? ಯಾರನ್ನ ಕೇಳಿ ತಗೊಂಡು ಹೋದೆ?" ಕೀ ನನ್ನ ಮುಷ್ಟಿಯಲ್ಲಿದೆ. ಎರಡು ವರ್ಷದಿಂದ ಇವರಿಗೆ ಹೇಳಬೇಕಾದ್ದನ್ನೆಲ್ಲ ಈ ಪುಸ್ತಕಕ್ಕೇ ಹೇಳುತ್ತ ಬಂದೆ. ಸಾಕು. ಎದ್ದು ಹೋಗಿ ಎದುರಿಗೆ ನಿಂತು ಹೇಳುತ್ತೇನೆ.