ಮೊಣಕೈಗೆ ತಾಗಿದ್ದ ಬೆರಳು

ಮಹಡಿ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಹೇಗಿದೆ? ಹವಾಮಾನ ಕೇಂದ್ರದ ಆ ಚಳಿಯಲ್ಲಿ ಬಿಸಿನೀರು ಸಿಗುತ್ತಿದೆಯೋ, ಇಲ್ಲ ಈ ಸಲವೂ ಬಾಯ್ಲರ್ ಕೆಟ್ಟು ಕೂತಿದೆಯೋ? ಮಗಳನ್ನು ಫೋನ್ ಸಿಗದ ಜಾಗಕ್ಕೆ ಅಟ್ಟಿ, ಹದಿನೈದು ದಿನಕ್ಕೊಮ್ಮೆ ಬರುವ ಟಪಾಲಿಗೆ ಹೆತ್ತವರನ್ನು ಕಾಯಿಸುವ ನಿಮ್ಮ ಇಲಾಖೆಯ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ. ಪತ್ರಿಕೆಗೂ ಎರಡು ಸಲ ಬರೆದಿದ್ದೇನೆ. ಇವತ್ತು ಅದು ಬೇಡ. ಇವತ್ತಿನದು ಸಂತೋಷದ ಸುದ್ದಿ. ಅಮ್ಮನ ತಲೆಸುತ್ತು ನಿಜವಂತೆ. ನಿಜ ಅಷ್ಟೇ ಅಲ್ಲ, ಅದನ್ನು ಅಳೆದದ್ದೂ ಆಯಿತು, ಅದೂ ಒಂದು ಮೊಬೈಲ್ ಫೋನಿನಲ್ಲಿ!

ನಾಲ್ಕು ವರ್ಷದ ಹಿಂದೆ ಔಷಧಿ ಅಂಗಡಿಯ ಬೋರ್ಡು ಬರೆಯುತ್ತಿದ್ದಾಗ ಏಣಿಯೇ ತೇಲಿದ ಹಾಗಾಯಿತು ಎಂದು ಇಳಿದು ಬಂದವಳು ಮತ್ತೆ ಹತ್ತಲಿಲ್ಲ. ಈ ಪೇಟೆಯ ಅರ್ಧ ಬೋರ್ಡುಗಳನ್ನು ಬರೆದ ಕೈ ಈಗ ಕುರ್ಚಿಯಲ್ಲಿ ಕೂತು ಬೆಲೆಪಟ್ಟಿ ಬರೆಯುತ್ತದೆ. ಮೂವರು ಡಾಕ್ಟರು ನೋಡಿದರು. ಮೊದಲನೆಯವರು ವಯಸ್ಸು ಎಂದರು. ಎರಡನೆಯವರು ರಕ್ತ ಕಡಿಮೆ ಎಂದರು; ಪರೀಕ್ಷೆ ಮಾಡಿಸಿದರೆ ರಕ್ತ ಸರಿಯಾಗಿಯೇ ಇತ್ತು. ಮೂರನೆಯವರು ಗೋಡೆ ತುಂಬ ಸರ್ಟಿಫಿಕೇಟು ತೂಗುಹಾಕಿಕೊಂಡ ಮಹಾಶಯರು. ಕಣ್ಣು ಮುಚ್ಚಿಸಿ ನಿಲ್ಲಿಸಿ, ಅರ್ಧ ನಿಮಿಷ ನೋಡಿ, “ಚೆನ್ನಾಗೇ ನಿಂತಿದ್ದಾರಲ್ರೀ, ಇದೆಲ್ಲ ಮನಸ್ಸಿನ ಭಯ” ಎಂದರು. ಮಿಕ್ಕಿಬ್ಬರೂ ಹಾಗೆ ನಿಲ್ಲಿಸಿ ನೋಡಿದವರೇ. ತಾರೀಕು, ವಾರ, ಹೊರಗೆ ಎಷ್ಟು ಹೊತ್ತು ಕಾಯಿಸಿದರು, ಎಲ್ಲವೂ ನನ್ನ ಡೈರಿಯಲ್ಲಿದೆ. ವೈದ್ಯಕೀಯ ಮಂಡಳಿಗೆಂದು ಆರು ಪುಟದ ದೂರನ್ನೂ ಬರೆದಿಟ್ಟಿದ್ದೆ.

ಕಳೆದ ತಿಂಗಳು ನನ್ನ ಮಂಡಿನೋವಿಗೆಂದು ದೊಡ್ಡಾಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಹೋದೆವು. ಅಲ್ಲಿದ್ದದ್ದು ನಿನ್ನದೇ ವಯಸ್ಸಿನ ಹುಡುಗಿ. ನನ್ನ ಮಂಡಿಯನ್ನು ಬಿಟ್ಟು ಅಮ್ಮನ ಕಡೆ ತಿರುಗಿ, “ಅಮ್ಮ, ನೀವ್ಯಾಕೆ ಗೋಡೆ ಸವರಿಕೊಂಡು ಬಂದ್ರಿ?” ಎಂದು ಕೇಳಿದಳು. ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಅಮ್ಮ ಎಲ್ಲ ಹೇಳಿಕೊಂಡಳು. ಹುಡುಗಿ ಒಂದು ಅಗಲವಾದ ಬೆಲ್ಟಿನಲ್ಲಿ ಫೋನು ಸಿಕ್ಕಿಸಿ ಅಮ್ಮನ ಸೊಂಟದ ಹಿಂಭಾಗಕ್ಕೆ ಬಿಗಿದಳು. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಆ ವಾಲುವಿಕೆಯನ್ನು ಪತ್ತೆ ಮಾಡುವ ಪುಟ್ಟ ಸಾಧನ ಅದರೊಳಗೇ ಇದೆಯಂತೆ. ಮೈ ಎಷ್ಟು ತೂಗಾಡಿತು ಎಂಬುದನ್ನು ಸೆಕೆಂಡಿಗೆ ನೂರು ಸಲ ಬರೆದುಕೊಳ್ಳುತ್ತದಂತೆ. ಮೆತ್ತನೆಯ ದಿಂಬಿನ ಮೇಲೆ, ಕಣ್ಣು ಮುಚ್ಚಿ, ಮೂವತ್ತು ಸೆಕೆಂಡು. ಕಂಪ್ಯೂಟರಿನ ಪರದೆಯ ಮೇಲೆ ಆ ತೂಗಾಟದ್ದೇ ಗೆರೆ, ಒಂದು ರೂಪಾಯಿ ನಾಣ್ಯದಷ್ಟು ಗೀಚು, ಮೂಡಿತು. ಆರೋಗ್ಯವಂತರದ್ದೂ ಅಷ್ಟೇ ಇರುತ್ತದಂತೆ. ಅಮ್ಮನ ಮುಖ ಬಾಡಿಹೋಯಿತು.

ಹುಡುಗಿ ಪರದೆ ಬಿಟ್ಟು ನನ್ನನ್ನು ನೋಡಿದಳು. “ಸರ್, ನಿಮ್ಮ ಬೆರಳು.”

ಅಮ್ಮನನ್ನು ಯಾರು ನಿಲ್ಲಿಸಿದರೂ ನಾನು ಪಕ್ಕದಲ್ಲಿ ನಿಂತು, ಬಿದ್ದುಗಿದ್ದಾಳು ಎಂದು, ಅವಳ ಮೊಣಕೈಗೆ ಒಂದು ಬೆರಳು ತಾಗಿಸಿಕೊಂಡಿರುತ್ತಿದ್ದೆ. ಹಿಡಿದಿಲ್ಲವಲ್ಲ, ಸುಮ್ಮನೆ ತಾಗಿಸಿದ್ದೇನೆ ಎಂದು ವಾದಿಸಿದೆ. “ಅಷ್ಟೇ ಸಾಕು ಸರ್. ಎತ್ತ ವಾಲ್ತಿದೀನಿ ಅಂತ ಮೈಗೆ ಆ ಬೆರಳಿಂದಾನೇ ಗೊತ್ತಾಗುತ್ತೆ. ನೀವು ಹೋಗಿ ಆ ಕುರ್ಚೀಲಿ ಕೂತ್ಕೊಳ್ಳಿ” ಎಂದಳು. ಕೂತೆ. ಎಂಟನೇ ಸೆಕೆಂಡಿಗೆ ಅಮ್ಮ ಎಡಕ್ಕೆ ವಾಲಿದಳು. ಹಿಂದೆಯೇ ಕಾದಿದ್ದ ಹುಡುಗಿ ತಬ್ಬಿ ಹಿಡಿದಳು. ಈ ಸಲದ ಗೀಚು ಊಟದ ತಟ್ಟೆಯಷ್ಟು. ಅಮ್ಮ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದಳು. “ನಾನು ಹೇಳ್ತಿದ್ದದ್ದು ಇದನ್ನೇ ಕಣಮ್ಮ” ಎಂದು ಆ ಹುಡುಗಿಗೆ ಹೇಳಿದಳು. ನನಗೆ ಹೇಳಲಿಲ್ಲ.

ಮೂರು ಕಡೆಯೂ ಅವಳು ಪಾಸಾಗಿದ್ದು ನನ್ನ ಬೆರಳಿನಿಂದ. ಆದರೆ ಆ ಮೂವರಿಗೂ ಕಣ್ಣಿರಲಿಲ್ಲವೇ? ಆರಡಿ ಎತ್ತರದ ಗಂಡಸು ರೋಗಿಗೆ ಅಂಟಿಕೊಂಡು ನಿಂತದ್ದು ಕಾಣಿಸಬಾರದೇ? ದೂರನ್ನು ನಾನು ಹರಿದಿಲ್ಲ. ನಾಲ್ಕನೆಯ ಆರೋಪಿಯಾಗಿ ನನ್ನನ್ನೂ ಸೇರಿಸಿ ಹೊಸದಾಗಿ ಬರೆಯಬೇಕಾಗಿದೆ, ಅಷ್ಟೆ.

ಫೋನು ರೋಗದ ಹೆಸರು ಹೇಳುವುದಿಲ್ಲ. ಆ ಗೀಚನ್ನು ಹಿಡಿದುಕೊಂಡು ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ತಮ್ಮ ಪರೀಕ್ಷೆಗಳನ್ನೆಲ್ಲ ಮಾಡಿ, ಎಡಗಿವಿಯ ಒಳಗೆ ಮೈಯ ಸಮತೋಲ ಕಾಯುವ ಭಾಗ ಮಂಕಾಗಿದೆ, ವ್ಯಾಯಾಮದಿಂದ ಬಹಳ ಮಟ್ಟಿಗೆ ಸುಧಾರಿಸಬಹುದು ಎಂದರು. ಒಂದು ಅಕ್ಷರವನ್ನು ದಿಟ್ಟಿಸುತ್ತಾ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಬೇಕು. ಆಸ್ಪತ್ರೆಯವರು ಕೊಟ್ಟ ಚೀಟಿಯ ಅಕ್ಷರ ಅಮ್ಮನಿಗೆ ಹಿಡಿಸಲಿಲ್ಲ. ಇಂಥ ಕೊಂಬುಮುರುಕ ಅಕ್ಷರವನ್ನು ದಿನಕ್ಕೆ ಐದು ಸಲ ನೋಡಿದರೆ ಸರಿಯಿದ್ದ ತಲೆಯೂ ತಿರುಗುತ್ತದೆ ಎಂದು, ನಡುಮನೆಯ ಗೋಡೆಯ ಮೇಲೆ ತಾನೇ ಕೆಂಪು ಬಣ್ಣದಲ್ಲಿ ಗುಂಡಗೆ ಒಂದು ‘ಅ’ ಬರೆದುಕೊಂಡಿದ್ದಾಳೆ. ವ್ಯಾಯಾಮ ಶುರುವಾಗಿ ನಿನ್ನೆಗೆ ಮೂರು ವಾರ. ನಿನ್ನೆಯ ಗೀಚು ಕಾಫಿ ಲೋಟದ ಬಾಯಿಯಷ್ಟು! ನಾನು ಫಿಸಿಯೋಥೆರಪಿ ಕೋಣೆಯ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ. ಒಳಗಿಂದ ಅವಳು ನಗುವುದು ಕೇಳಿಸಿತು. ಏಣಿಯ ಮಾತು ಈಗಲೇ ಬೇಡ ಎಂದು ಹುಡುಗಿ ಎಚ್ಚರಿಸಿದ್ದಾಳೆ. ಅಮ್ಮ ಆಗಲೇ ಬ್ರಷ್‌ಗಳನ್ನು ನೆನೆಹಾಕಿದ್ದಾಳೆ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ನಿನ್ನ ಜೊತೆಯವರನ್ನೂ ಕೇಳಿದೆನೆಂದು ಹೇಳು.

ನಿನ್ನ ಪ್ರೀತಿಯ
ಅಪ್ಪ

ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಧೈರ್ಯ ಬಂದಿರಲಿಲ್ಲ: ಹೋದ ವರ್ಷ, ಆ ಮೂರನೆಯ ಡಾಕ್ಟರನ್ನು ಬೈಯುತ್ತಲೇ ಅವರ ಮಾತು ನಂಬಿ, ಅಮ್ಮನಿಗೆ ಕಾಣದಂತೆ ನಿನಗೊಂದು ಕಾಗದ ಹಾಕಿದ್ದೆ. ಅವಳಿಗೆ ಏನೂ ಆಗಿಲ್ಲ, ತಲೆಸುತ್ತು ಹೇಗಿದೆ ಎಂದು ಕೇಳಿದಷ್ಟೂ ಭಯ ಹೆಚ್ಚಾಗುತ್ತದೆ, ನೀನು ವಿಚಾರಿಸಬೇಡ ಎಂದು. ನೀನು ನನ್ನ ಮಾತು ಕೇಳಿದೆ. ಅಂದಿನಿಂದ ನಿನ್ನ ಪ್ರತಿ ಕಾಗದವನ್ನೂ ಅವಳು ಓದಿ ಮುಗಿಸಿ, ಹಿಂದುಮುಂದು ತಿರುಗಿಸಿ ನೋಡಿ ಮಡಚಿಡುತ್ತಾಳೆ. ಆ ಕಾಗದದ ವಿಷಯ ಇವತ್ತು ಅವಳಿಗೆ ಹೇಳಿಬಿಡುತ್ತೇನೆ. ಮುಂದಿನ ಟಪಾಲಿನಲ್ಲಿ ನನಗೆ ಬರೆಯದಿದ್ದರೂ ಪರವಾಗಿಲ್ಲ. ಅವಳ ಹೆಸರಿಗೆ ಬರೆ, ಮೊದಲ ಸಾಲಿನಲ್ಲೇ ಕೇಳು.