ಉಪ್ಪು ಹಾಕಿದ ಚಹಾ

ಡಿಸೆಂಬರ್ 27, ಶನಿವಾರ. ಚಳಿಗೆ ನನ್ನ ಉಳಿದ ಆರು ಹಲ್ಲೂ ತಾಳ ಹಾಕುತ್ತಿವೆ.

ಅಪ್ಪ ಕಟ್ಟಿಸಿದ ಈ ಮರದ ಮನೆಗೆ ಪ್ರತಿ ಚಳಿಗಾಲದ ರಜೆಗೂ ಗೆಳೆಯರಾದ ಟೈಲರ್, ಮೇಷ್ಟ್ರು ಬರುತ್ತಾರೆ. ಮೊದಲ ದಿನ ನಾನು ಸಕ್ಕರೆ ಡಬ್ಬಿಗೆ ಉಪ್ಪು ತುಂಬುತ್ತೇನೆ. ಟೈಲರ್ ಚಹಾ ಉಗಿದು, ಪೊರಕೆ ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಮೂವತ್ತು ವರ್ಷದ ಪದ್ಧತಿ.

ಇವತ್ತು ಲೋಟ ಪೂರ್ತಿ ಕುಡಿದು, "ಚೆನ್ನಾಗಿದೆ ಕಣೋ" ಅಂದ. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡು ಕುಡಿದರು.

"ಏನ್ರಯ್ಯಾ, ನಾಲಿಗೆ ಮನೇಲೇ ಬಿಟ್ಟು ಬಂದ್ರಾ?"

"ನೀನು ಮೊದ್ಲು ಶಾಲು ಹೊದ್ಕೋ," ಅಂದ ಟೈಲರ್.

ಮಗಳು ಇವರಿಗೂ ಹೇಳಿಬಿಟ್ಟಿದ್ದಾಳೆ. ಎರಡೇ ತಿಂಗಳು ಅಂತ ಡಾಕ್ಟರು ಹೇಳಿದಾಗ ನಾನು ನಂಬಿರಲಿಲ್ಲ. ಆ ಲೋಟ ಖಾಲಿಯಾದದ್ದು ನೋಡಿ ನಂಬಿದೆ.

ಪೊರಕೆಯನ್ನು ಅವನ ಕೈಗೆ ಸಿಗುವ ಹಾಗೆ ನಾನೇ ಬಾಗಿಲ ಹತ್ತಿರ ಇಟ್ಟಿದ್ದೆ. ಅದು ಇನ್ನೂ ಅಲ್ಲೇ ಇದೆ.